ಹೆಸರಿನ ಎದುರಿಗೆ ಬರೆದ ಅರ್ಥ

ಹೆಸರಿನ ಪಟ್ಟಿಗಳಲ್ಲಿ ಪ್ರತಿ ಹೆಸರಿನ ಎದುರಿಗೂ ಒಂದೇ ಪದದ ಅರ್ಥ ಇರುತ್ತದೆ. ಆದಿತ್ಯ: ಸೂರ್ಯ. ಅರ್ಜುನ: ವೀರ. ಆರವ್: ಶಾಂತ. ನೋಡುವವರಿಗೆ ಆರಾಮ. ಎಡಗಡೆ ಹೆಸರು, ಬಲಗಡೆ ಅರ್ಥ, ಇಷ್ಟವಾದರೆ ಟಿಕ್ ಹಾಕಿ ಮುಂದೆ ಹೋಗಬಹುದು. ಮಗನಿಗೆ ಹೆಸರು ಹುಡುಕುತ್ತಿದ್ದ ನನ್ನ ತಂಗಿ ಹಾಗೆ ಟಿಕ್ ಹಾಕಿದ ಪಟ್ಟಿಯೊಂದನ್ನು ನನಗೆ ಕಳಿಸಿದಳು. "ಅಕ್ಕಾ, ಕೇಳೋದಕ್ಕೆ ಚೆನ್ನಾಗಿದ್ರೆ ಸಾಲದು, ಅರ್ಥವೂ ಚೆನ್ನಾಗಿರಬೇಕು. ಒಂದ್ಸಲ ನೋಡಿ ಹೇಳು" ಅಂದಳು. ಮನೆಯಲ್ಲಿ ದಪ್ಪ ನಿಘಂಟು ಇಟ್ಟುಕೊಂಡವಳು ನಾನೊಬ್ಬಳೇ. ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ನೋಡಿದ್ದು ಆರವ್. ಈಗ ತುಂಬಾ ಚಾಲ್ತಿಯಲ್ಲಿರುವ ಹೆಸರು. ಯಾವ ಪಟ್ಟಿ ತೆಗೆದರೂ ಎದುರಿಗೆ ಶಾಂತ ಅಂತಲೇ ಇರುತ್ತದೆ. ನಿಘಂಟಿನಲ್ಲಿ ಆರವ ಅಂದರೆ ಕೂಗು, ಸದ್ದು, ಅಬ್ಬರ. ಇದಕ್ಕೆ ನಿಘಂಟು ಬೇಕಾಗಿಯೇ ಇಲ್ಲ, ಕನ್ನಡದ ಕಿವಿ ಸಾಕು. ರವ ಅಂದರೆ ಸದ್ದು ಅಂತ ನಮಗೆಲ್ಲ ಗೊತ್ತು. ಹಕ್ಕಿಗಳ ಕಲರವ ಅಂತೀವಿ. ಸದ್ದೇ ಇಲ್ಲದ ರಾತ್ರಿಗೆ ನೀರವ ಅಂತೀವಿ. ಶಾಂತಿ ಬೇಕಿದ್ದವರು ನೀರವ ಎಂದು ಇಡಬೇಕಿತ್ತು. ನನ್ನ ಊಹೆ ಏನೆಂದರೆ, ಯಾರೋ ಇದನ್ನು ಅ-ರವ, ಅಂದರೆ ರವ ಇಲ್ಲದ್ದು ಎಂದು ಬಿಡಿಸಿದ್ದಾರೆ. ಆದರೆ ಆ ಅಕಾರ ದೀರ್ಘವಾದ ಕೂಡಲೇ ಅರ್ಥ ಮಗ್ಗುಲು ಬದಲಿಸುತ್ತದೆ.

ತಂಗಿಗೆ ಹೇಳಿದೆ. "ಇವನು ಕಿರುಚೋದು ನೋಡಿದ್ರೆ ನಿಘಂಟಿನ ಅರ್ಥವೇ ಸರಿ ಬಿಡು" ಅಂದಳು.

ಆರವ್ ಎಂದು ಹೆಸರಿಟ್ಟವರ ಮೇಲೆ ನನಗೆ ತಕರಾರಿಲ್ಲ. ಸಾಕಷ್ಟು ಜನ ಶಾಂತ ಎಂದೇ ನಂಬಿ ಮಕ್ಕಳನ್ನು ಕರೆದರೆ, ಮುಂದೆ ನಿಘಂಟು ಮಾಡುವವರೇ ಆ ಅರ್ಥವನ್ನೂ ಸೇರಿಸಿಕೊಳ್ಳಬೇಕಾದೀತು. ಆದರೆ ಅರ್ಥಕ್ಕಾಗಿಯೇ ಹೆಸರು ಆರಿಸುತ್ತೇವೆ ಎನ್ನುವವರು ಪಟ್ಟಿಯ ಬಲಗಡೆಯನ್ನು ಅಷ್ಟು ಸುಲಭವಾಗಿ ನಂಬಬಾರದು. ಅಲ್ಲಿರುವುದು ಎಷ್ಟೋ ಸಲ ಅರ್ಧ, ಕೆಲವು ಸಲ ಅದೂ ಇಲ್ಲ.

ಆದಿತ್ಯನನ್ನೇ ನೋಡಿ. ಸೂರ್ಯ ಅನ್ನುವುದು ಸುಳ್ಳಲ್ಲ. ಆದರೆ ಆ ಪದ ಹುಟ್ಟಿದ್ದು ಅದಿತಿಯಿಂದ. ಅದಿತಿಯ ಮಗ ಆದಿತ್ಯ, ದಿತಿಯ ಮಗ ದೈತ್ಯ. ಎರಡಕ್ಕೂ ಒಂದೇ ಅಚ್ಚು. ತಾಯಿಯ ಹೆಸರಿನ ಮೊದಲ ಸ್ವರವನ್ನು ಹಿಗ್ಗಿಸಿ, ಕೊನೆಗೊಂದು ಪ್ರತ್ಯಯ ಹಚ್ಚಿದರೆ ಮಗನ ಹೆಸರು ತಯಾರು. ಶಾಲೆಯಲ್ಲಿ ತದ್ಧಿತ ಅಂತ ಓದಿ ಮರೆತಿದ್ದು ಇದನ್ನೇ. ಒಮ್ಮೆ ಇದು ಕಣ್ಣಿಗೆ ಬಿದ್ದರೆ ಗಂಡುಮಕ್ಕಳ ಹೆಸರುಗಳೊಳಗಿಂದ ಅಮ್ಮಂದಿರು ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಅಂಜನೆಯ ಮಗ ಆಂಜನೇಯ. ಸುಮಿತ್ರೆಯ ಮಗ ಸೌಮಿತ್ರಿ. ಗಂಗೆಯ ಮಗ ಗಾಂಗೇಯ. ವಿನತೆಯ ಮಗ ವೈನತೇಯ. ಪೃಥೆಯ ಮಗ ಪಾರ್ಥ. ಪೃಥೆ ಅಂದರೆ ಕುಂತಿಯೇ ಆದ್ದರಿಂದ ಅವನೇ ಕೌಂತೇಯ. ಕಾರ್ತಿಕೇಯನ ಹೆಸರಿನಲ್ಲಿ ಅವನಿಗೆ ಹಾಲೂಡಿಸಿದ ಆರು ಜನ ಕೃತ್ತಿಕೆಯರಿದ್ದಾರೆ. ಇವುಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದದ್ದು ರಾಧೇಯ. ಹೆತ್ತವಳು ಕುಂತಿ, ಸಾಕಿದವಳು ರಾಧೆ. ಹೆಸರು ಸಾಕಿದವಳಿಗೆ ಹೋಯಿತು.

ಅಪ್ಪಂದಿರ ಸಾಲೂ ಇದೆ, ವಸುದೇವನ ಮಗ ವಾಸುದೇವ, ದಶರಥನ ಮಗ ದಾಶರಥಿ ಅಂತ. ಅದರಲ್ಲಿ ಆಶ್ಚರ್ಯ ಏನಿಲ್ಲ. ಆದರೆ ಇಷ್ಟೊಂದು ಅಮ್ಮಂದಿರು ಮಕ್ಕಳ ಹೆಸರಿನೊಳಗೆ ಕುಳಿತಿರುವುದನ್ನು ಪಟ್ಟಿ ಮಾಡುವವರು ಯಾಕೆ ಹೇಳುವುದಿಲ್ಲವೋ. ಪಾರ್ಥ ಎಂದರೆ ಅರ್ಜುನ ಅಂತಷ್ಟೇ ಬರೆದಿರುತ್ತಾರೆ. ಇದನ್ನೆಲ್ಲ ಹೇಳಿದಾಗ ತಂಗಿಗೆ ಖುಷಿಯಾಯಿತು. "ಹಾಗಾದ್ರೆ ನನ್ನ ಹೆಸರಿನಿಂದ ಒಂದು ಮಾಡಿ ಕೊಡು" ಅಂದಳು. ಅವಳ ಹೆಸರಿಗೆ ಆ ಪ್ರತ್ಯಯ ಹಚ್ಚಿ ನೋಡಿದೆವು. ಬಂದದ್ದು ಕೆಮ್ಮಿನ ಔಷಧಿಯ ಹೆಸರಿನ ಹಾಗಿತ್ತು. ಅಲ್ಲಿಗೇ ಬಿಟ್ಟೆವು.

ಹಾಗೆ ಬಿಟ್ಟದ್ದೇ ಒಳ್ಳೆಯದಾಯಿತು. ಏಕೆಂದರೆ ಹಳೆಯವರ ಒಂದು ಮಾತು ಇದಕ್ಕೆ ಅಡ್ಡ ಬರುತ್ತದೆ. ಪತಂಜಲಿ ಕ್ರಿ.ಪೂ. 2ನೇ ಶತಮಾನದಲ್ಲಿ ವ್ಯಾಕರಣದ ಮೇಲೆ ಮಹಾಭಾಷ್ಯ ಬರೆದ. ಅದರ ಆರಂಭದಲ್ಲೇ, ವ್ಯಾಕರಣ ಯಾಕೆ ಓದಬೇಕು ಅಂತ ಕೇಳಿಕೊಂಡು ಕಾರಣಗಳನ್ನು ಕೊಡುತ್ತಾ ಹೋಗುತ್ತಾನೆ. ಅದರಲ್ಲಿ ಒಂದು ಕಾರಣ, ಮಗನಿಗೆ ಹೆಸರಿಡುವುದು! ಯಾಜ್ಞಿಕರು ಹೇಳುವ ನಿಯಮವನ್ನು ಅಲ್ಲಿ ಎತ್ತಿ ಕೊಟ್ಟಿದ್ದಾನೆ. ಹೆಸರು ಘೋಷಾಕ್ಷರದಿಂದ, ಅಂದರೆ ಗ, ದ, ಬದಂಥ ನಾದವಿರುವ ವ್ಯಂಜನದಿಂದ ಶುರುವಾಗಬೇಕು. ಒಳಗೆ ಯ, ರ, ಲ, ವಗಳಲ್ಲಿ ಒಂದು ಇರಬೇಕು. ಮೊದಲ ಸ್ವರ ಆ, ಐ, ಔ ಆಗಿರಬಾರದು. ಎರಡು ಅಕ್ಷರ ಇರಬೇಕು ಅಥವಾ ನಾಲ್ಕು. ಹಗೆಯವರ ಹೆಸರಾಗಿರಬಾರದು. ಕೊನೆಗೆ, ಕೃದಂತವಾಗಿರಲಿ, ತದ್ಧಿತ ಬೇಡ. ಕೃತ್ ಯಾವುದು, ತದ್ಧಿತ ಯಾವುದು ಅಂತ ವ್ಯಾಕರಣ ಓದದೆ ಗೊತ್ತಾಗುವುದಿಲ್ಲ, ಆದ್ದರಿಂದ ಓದಿ ಅನ್ನುತ್ತಾನೆ. ಮಕ್ಕಳಿಗೆ ವ್ಯಾಕರಣ ಕಲಿಸಲು ಇದಕ್ಕಿಂತ ಒಳ್ಳೆಯ ಆಮಿಷ ನಾನು ಕೇಳಿಲ್ಲ.

ಅರ್ಥ ಚೆನ್ನಾಗಿರಬೇಕು ಎಂಬ ಮಾತೇ ಈ ನಿಯಮದಲ್ಲಿಲ್ಲ. ಸದ್ದಿನ ಲೆಕ್ಕವೇ ಜಾಸ್ತಿ. ಅರ್ಥ ಒಳಗೆ ನುಸುಳುವುದು ಆ ಕೊನೆಯ ಷರತ್ತಿನಲ್ಲಿ. ತದ್ಧಿತ ಹೆಸರು 'ಇವನು ಯಾರವನು' ಅಂತ ಹೇಳುತ್ತದೆ. ಅದಿತಿಯವನು, ಅಂಜನೆಯವನು, ರಘುವಂಶದವನು. ಕೃದಂತ ಹೆಸರಿನ ಬುಡದಲ್ಲಿ ಒಂದು ಧಾತು ಇರುತ್ತದೆ, ಅದು 'ಇವನು ಏನು ಮಾಡುವವನು' ಅಂತ ಹೇಳುತ್ತದೆ. ಪವನ ಎಂದರೆ ಬರೀ ಗಾಳಿಯಲ್ಲ. ಪೂ ಅಂದರೆ ಶುಚಿ ಮಾಡು, ಶುಚಿ ಮಾಡುವವನು ಪವನ. ಭೃ ಅಂದರೆ ಹೊರು, ಹೊತ್ತು ಸಲಹುವವನು ಭರತ. ಅಮ್ಮಂದಿರ ಹೆಸರುಗಳು ಎಷ್ಟೇ ಚಂದವಿದ್ದರೂ ನನ್ನ ಮನಸ್ಸು ಈ ಕಡೆಗೇ ವಾಲಿತು. ಹುಡುಗ ಯಾರವನು ಅಂತ ಹೇಳುವುದಕ್ಕೆ ಜನ ಹೇಗೂ ಇರುತ್ತಾರೆ. ಏನು ಮಾಡಲಿ ಅಂತ ನಾವು ಆಸೆ ಪಟ್ಟೆವು ಎಂಬುದನ್ನು ಹೇಳಲು ಹೆಸರೊಂದೇ ದಾರಿ.

ಸರಿ, ಯಾವ ಕೆಲಸ ಮಾಡುವ ಹೆಸರು? ಪಟ್ಟಿಗಳನ್ನು ನೋಡಿದರೆ ಗಂಡುಮಕ್ಕಳಿಗೆ ಇರುವುದು ಒಂದೇ ಕೆಲಸ, ಗೆಲ್ಲುವುದು. ಜಯ, ವಿಜಯ, ಅಜಯ, ಸಂಜಯ, ಧನಂಜಯ, ಅಜಿತ, ಅಪರಾಜಿತ, ಸತ್ಯಜಿತ್, ಅಭಿಜಿತ್, ಇಂದ್ರಜಿತ್, ವಿಶ್ವಜಿತ್. ಎಲ್ಲವೂ ಜಿ ಎಂಬ ಒಂದೇ ಧಾತುವಿನ ಸಂತಾನ. ಇನ್ನೂ ಕತ್ತು ನಿಂತಿರುವುದಿಲ್ಲ, ಆಗಲೇ ಜಗತ್ತನ್ನು ಗೆದ್ದಾಗಿರುತ್ತದೆ. ಗೆಲ್ಲುವುದು ಬಿಟ್ಟರೆ ಆಳುವುದು. ರಾಜ, ಇಂದ್ರ, ಈಶ್ವರ, ಅಧಿಪ. ಇವು ಕೆಟ್ಟ ಹೆಸರುಗಳೇನಲ್ಲ. ಇದೇ ಹೆಸರಿನ ಒಳ್ಳೆಯ ಗೆಳೆಯರು ನನಗಿದ್ದಾರೆ. ಆದರೂ ಆಟದಲ್ಲಿ ಸೋತು, ಮೂಗು ಒರೆಸಿಕೊಳ್ಳುತ್ತಾ ಬರುವ ಹುಡುಗನನ್ನು "ಯಾಕೋ ಅಜಿತಾ?" ಅಂತ ಕೇಳುವಾಗ ಏನೋ ಒಂಥರಾ ಆಗುವುದಿಲ್ಲವೇ? ಸೋಲಲು ಜಾಗ ಬಿಡದ ಹೆಸರು ಭಾರ ಅಂತ ನನಗೆ ಅನಿಸುತ್ತದೆ. ಹೆಸರು ಆಸೆಯಾಗಿದ್ದರೆ ಸರಿ, ಪರೀಕ್ಷೆಯಾಗಬಾರದು.

ಇದಕ್ಕಿಂತ ನನಗೆ 'ಇಲ್ಲ' ಎನ್ನುವ ಹೆಸರುಗಳು ಇಷ್ಟ. ಅಶೋಕ, ಶೋಕ ಇಲ್ಲದವನು. ಅಭಯ, ಭಯ ಇಲ್ಲದವನು. ಅಮಿತ, ಅಳತೆ ಇಲ್ಲದ್ದು. ಅತುಲ, ತಕ್ಕಡಿಗೆ ಸಿಗದ್ದು. ಅಮೋಘ, ಮೋಘವಲ್ಲದ್ದು, ಅಂದರೆ ವ್ಯರ್ಥವಾಗದ್ದು. ಅನಿರುದ್ಧ, ಅಡ್ಡಗಟ್ಟಲು ಆಗದವನು. ಅಚ್ಯುತ, ಜಾರದವನು. ಇವು ಹುಡುಗನ ಮುಂದೆ ಗುರಿ ಇಡುವುದಿಲ್ಲ, ಒಂದು ತೊಂದರೆಯನ್ನು ದಾರಿಯಿಂದ ತೆಗೆದಿಡುತ್ತವೆ ಅಷ್ಟೇ. ಮಜಾ ಇರುವುದು ಅನಿಕೇತದಲ್ಲಿ. ನಿಕೇತ ಅಂದರೆ ಮನೆ. ಅನಿಕೇತ ಅಂದರೆ ಮನೆ ಇಲ್ಲದವನು. ಎಲ್ಲ ಕಡೆಯೂ ಮನೆಯೇ ಆದವನು ಅಂತಲೂ ಓದಬಹುದು, ಬಾಡಿಗೆದಾರ ಅಂತಲೂ ಓದಬಹುದು. ತಂಗಿಯ ಗಂಡ ಇದನ್ನು ಕೇಳಿ, "ಅಕ್ಕ, ನಾನಿನ್ನೂ ಮನೆ ಸಾಲ ಕಟ್ತಾ ಇದ್ದೀನಿ, ಇದು ಬೇಡ" ಅಂದ.

ಒಂದೇ ಹೆಸರಿಗೆ ಹಲವು ಅರ್ಥ ಇದ್ದಾಗ ಯಾವುದನ್ನು ಹಿಡಿಯುವುದು? ಹರಿ ಎಂಬ ಎರಡಕ್ಷರದ ಹೆಸರನ್ನು ಅಮರಕೋಶದಲ್ಲಿ ನೋಡಿ. ಒಂದೇ ಶ್ಲೋಕದಲ್ಲಿ ಹದಿಮೂರು ಅರ್ಥ. ಯಮ, ಗಾಳಿ, ಇಂದ್ರ, ಚಂದ್ರ, ಸೂರ್ಯ, ವಿಷ್ಣು, ಸಿಂಹ, ಕಿರಣ, ಕುದುರೆ, ಗಿಳಿ, ಹಾವು, ಕೋತಿ, ಕಪ್ಪೆ. ಜೊತೆಗೆ ಕಪಿಲ ಎಂಬ ಬಣ್ಣವೂ. ಹರಿ ಎಂದು ಹೆಸರಿಡುವ ಯಾರ ತಲೆಯಲ್ಲೂ ಕಪ್ಪೆ ಇರುವುದಿಲ್ಲ. ಯಮನಂತೂ ಇರುವುದೇ ಇಲ್ಲ. ಆದರೆ ಅವೆರಡೂ ಅಲ್ಲೇ ಇವೆ, ವಿಷ್ಣುವಿನ ಪಕ್ಕದಲ್ಲೇ. ಕೌಶಿಕ ಎಂದರೆ ಕುಶಿಕನ ವಂಶದವನು, ಗೂಬೆ ಎಂದೂ ಅರ್ಥ. ಕಶ್ಯಪ ಎಂದರೆ ಆಮೆ. ನಕುಲ ಎಂದರೆ ಮುಂಗುಸಿ. ಶೌನಕನ ಬುಡದಲ್ಲಿ ಶುನಕ ಇದ್ದಾನೆ. ಹಳೆಯವರಿಗೆ ಪ್ರಾಣಿಗಳ ಹೆಸರೆಂದರೆ ಸಂಕೋಚ ಇರಲಿಲ್ಲ. ನಾವು ಸಿಂಹ ಒಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಓಡಿಸಿದೆವು.

ಬಣ್ಣದ ಹೆಸರುಗಳೂ ಹಾಗೆಯೇ. ಅರ್ಜುನ ಅಂದರೆ ಬಿಳುಪು, ಬೆಳ್ಳಗೆ ಹೊಳೆಯುವುದು. ವೀರ ಅಂತ ಪಟ್ಟಿಯವರು ಬರೆದದ್ದು ಅವನ ಕೆಲಸವನ್ನು ನೋಡಿ. ಕೃಷ್ಣ ಅಂದರೆ ಕಪ್ಪು. ರಥ ಹೊಡೆಯುವವನು ಕಪ್ಪು, ರಥದಲ್ಲಿ ಕುಳಿತವನು ಬಿಳುಪು. ರೋಹಿತ, ಅರುಣ ಎರಡೂ ಕೆಂಪಿನ ಕಡೆಯವು.

ಇಲ್ಲಿ ನನಗೆ ಇನ್ನೊಂದು ವಿಷಯ ಹೊಳೆಯಿತು. ಕರ್ಣ ಅಂದರೆ ಕಿವಿ, ಅಷ್ಟೇ. ಯಾರಿಗಾದರೂ ಆ ಹೆಸರು ಹೇಳಿ ನೋಡಿ. ಕಿವಿ ಅಂತ ಒಬ್ಬರೂ ಹೇಳುವುದಿಲ್ಲ, ದಾನ ಅಂತಾರೆ. ಕೈ ಬಿಚ್ಚಿ ಕೊಡುವವನನ್ನು ದಾನಶೂರ ಕರ್ಣ ಅಂತ ಇವತ್ತಿಗೂ ಕರೆಯುತ್ತೇವೆ. ಕುಂಭಕರ್ಣ ಅಂದರೆ ಗಡಿಗೆಯಂಥ ಕಿವಿಯವನು. ನಮಗೆ ಗೊತ್ತಿರುವುದು ಅವನ ನಿದ್ದೆ ಮಾತ್ರ. ವಿಭೀಷಣ ಅಂದರೆ ಭಯ ಹುಟ್ಟಿಸುವವನು. ಆ ಮನೆಯಲ್ಲಿ ಯಾರನ್ನೂ ಹೆದರಿಸದವನು ಅವನೇ. ಲವ ಅಂದರೆ ಒಂದು ಚೂರು, ಲವಲೇಶ ಅನ್ನುತ್ತೇವಲ್ಲ ಅದೇ ಲವ. ಆ ಹೆಸರಿನ ಹುಡುಗ ದೊಡ್ಡ ಸೈನ್ಯವನ್ನೇ ತಡೆದು ನಿಲ್ಲಿಸಿದ. ನಿಘಂಟು ಕೊಟ್ಟ ಅರ್ಥವನ್ನು ಇವರು ಯಾರೂ ಇಟ್ಟುಕೊಳ್ಳಲಿಲ್ಲ. ಬದುಕಿ ಬೇರೆ ಅರ್ಥ ಮಾಡಿಕೊಂಡರು, ನಿಘಂಟು ಹಿಂದೆ ಬಿತ್ತು. ಹಾಗಾದರೆ ಅರ್ಥ ನೋಡಿ ಹೆಸರಿಡುವುದು ಸುಮ್ನೆ ಕೆಲಸವೇ? ನನಗೆ ಹಾಗನಿಸುವುದಿಲ್ಲ. ಹೆಸರಿಡುವ ದಿನ ಆ ಹುಡುಗನ ಬಗ್ಗೆ ಗೊತ್ತಿರುವುದು ಏನೇನೂ ಇಲ್ಲ. ಆ ದಿನ ನಮ್ಮ ಕೈಯಲ್ಲಿರುವುದು ಅರ್ಥ ಒಂದೇ. ಅವನು ತನ್ನದನ್ನು ತರುವವರೆಗೆ ಅದನ್ನು ಇಟ್ಟುಕೊಂಡಿರುತ್ತಾನೆ.

ಬೇರೆ ಭಾಷೆಗಳ ಗಂಡು ಹೆಸರುಗಳನ್ನೂ ಸ್ವಲ್ಪ ನೋಡಿದೆ. ಗೆಲ್ಲುವ ಹುಚ್ಚು ಎಲ್ಲರಿಗೂ ಇದೆಯಾ ಅಂತ ಕುತೂಹಲ. ಜಾರ್ಜ್ ಅಂದರೆ ರೈತ. ಫಿಲಿಪ್ ಅಂದರೆ ಕುದುರೆ ಪ್ರೇಮಿ. ಥಾಮಸ್ ಅಂದರೆ ಅವಳಿ. ಪಾಲ್ ಅಂದರೆ ಚಿಕ್ಕವನು. ರೋಮನ್ನರು ಐದನೆಯವನು ಎಂಬ ಅರ್ಥಕ್ಕೆ ಕ್ವಿಂಟಸ್, ಎಂಟನೆಯವನು ಎಂಬ ಅರ್ಥಕ್ಕೆ ಆಕ್ಟೇವಿಯಸ್ ಅಂತ ಇಟ್ಟು ಮುಗಿಸುತ್ತಿದ್ದರು. ಘಾನಾದ ಅಕಾನ್ ಜನರಲ್ಲಿ ಹುಟ್ಟಿದ ವಾರವೇ ಹೆಸರು. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಅವರ ಕೋಫಿ ಅಂದರೆ ಶುಕ್ರವಾರ ಹುಟ್ಟಿದವನು. 1938ರ ಏಪ್ರಿಲ್ 8, ಶುಕ್ರವಾರವೇ.

ಮಂಗೋಲಿಯಾದವರು ಇನ್ನೂ ಮುಂದೆ ಹೋಗಿದ್ದಾರೆ. ಅಲ್ಲಿ ನೆರ್ಗುಯ್ ಎಂಬ ಹೆಸರಿದೆ. ಅರ್ಥ 'ಹೆಸರಿಲ್ಲ'. ಎನೆಬಿಶ್ ಅಂದರೆ 'ಇವನಲ್ಲ'. ಹುನ್ಬಿಶ್ ಅಂದರೆ 'ಮನುಷ್ಯನಲ್ಲ'. ಮಕ್ಕಳು ಉಳಿಯದ ಮನೆಗಳಲ್ಲಿ, ಕೆಟ್ಟ ಶಕ್ತಿಗಳು ಹುಡುಕಿಕೊಂಡು ಬಂದರೆ ದಾರಿ ತಪ್ಪಲಿ ಅಂತ ಇಟ್ಟ ಹೆಸರುಗಳು. ನಮ್ಮ ತಿಪ್ಪಯ್ಯ, ಗುಂಡಪ್ಪಗಳ ಹಿಂದೆಯೂ ಇದೇ ಭಯ ಇತ್ತು ಅನ್ನುತ್ತಾರೆ. ಇಲ್ಲಿ ಅರ್ಥವನ್ನು ಬೇಕೆಂದೇ ಕೆಡಿಸಿದ್ದಾರೆ, ಹುಡುಗ ಉಳಿಯಲಿ ಅಂತ. ಗೆಲ್ಲಲಿ ಅನ್ನುವುದಕ್ಕಿಂತ ಉಳಿಯಲಿ ಅನ್ನುವುದು ದೊಡ್ಡ ಆಸೆ ಅಲ್ವಾ? ವಿಶ್ವಜಿತನಿಗಿಂತ ನೆರ್ಗುಯ್ ಹೆಸರಿನಲ್ಲೇ ನನಗೆ ಹೆಚ್ಚು ಪ್ರೀತಿ ಕಂಡಿತು.

ನೋವಿನಲ್ಲಿ ಇಟ್ಟ ಹೆಸರನ್ನು ತಿದ್ದಿದ ಕಥೆಯೂ ಇದೆ. ಬೈಬಲಿನಲ್ಲಿ ರಾಹೇಲಳು ಹೆರಿಗೆಯಲ್ಲೇ ತೀರಿಕೊಳ್ಳುತ್ತಾಳೆ. ಜೀವ ಹೋಗುವ ಮೊದಲು ಮಗನಿಗೆ ಬೆನೋನಿ ಎಂದು ಹೆಸರಿಡುತ್ತಾಳೆ, 'ನನ್ನ ದುಃಖದ ಮಗ'. ತಂದೆ ಯಾಕೋಬ ಅದನ್ನು ಬೆನ್ಯಾಮೀನ್ ಎಂದು ಬದಲಿಸುತ್ತಾನೆ, 'ಬಲಗೈಯ ಮಗ'. ಸಾಯುವವಳ ಕೊನೆಯ ಮಾತನ್ನು ಅವನು ಮೀರಿದ. ಅವನು ಮಾಡಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ದುಃಖ ಅವಳದ್ದು, ಹುಡುಗ ಯಾಕೆ ಜೀವಮಾನವಿಡೀ ಅದಕ್ಕೆ ಓಗೊಡಬೇಕು?

ಜಪಾನಿನಲ್ಲಿ 1993ರಲ್ಲಿ ಒಬ್ಬ ತಂದೆ ಮಗನಿಗೆ ಅಕುಮ ಎಂದು ಹೆಸರು ನೋಂದಾಯಿಸಲು ಹೋದ. ಅಕುಮ ಅಂದರೆ ದೆವ್ವ, ಸೈತಾನ. ಆಕಿಶಿಮಾ ಊರಿನ ಕಚೇರಿಯವರು ಆಗದು ಅಂದರು. ವಿಷಯ ಕೋರ್ಟಿಗೆ ಹೋಯಿತು, ದೇಶವೆಲ್ಲ ಚರ್ಚೆಯಾಯಿತು, ಕೊನೆಗೆ ಹುಡುಗನಿಗೆ ಬೇರೆ ಹೆಸರು ಬಂತು. ಆ ಭಾಷೆಯಲ್ಲಿ ಹೆಸರಿಡುವುದೇ ಎರಡು ಹಂತದ ಕೆಲಸ. ಒಂದೇ ಉಚ್ಚಾರಣೆಯನ್ನು ಬೇರೆ ಬೇರೆ ಚಿತ್ರಾಕ್ಷರಗಳಲ್ಲಿ ಬರೆಯಬಹುದು. ಹಾರುತೊ ಎಂಬ ಹೆಸರಿನ ಇಬ್ಬರು ಹುಡುಗರಿಗೆ ಕೇಳಲು ಒಂದೇ ಹೆಸರು, ಬರೆದಾಗ ಬೇರೆ ಬೇರೆ ಅರ್ಥ ಇರಬಹುದು. ಸದ್ದು ಅಜ್ಜಿಗೆ ಇಷ್ಟವಾದದ್ದು, ಅರ್ಥ ಅಪ್ಪ ಅಮ್ಮನಿಗೆ ಇಷ್ಟವಾದದ್ದು ಅಂತ ಹಂಚಿಕೊಳ್ಳಬಹುದೇನೋ. ನಮಗೆ ಆ ಸೌಕರ್ಯ ಇಲ್ಲ.

ಇನ್ನೊಂದು ಸಣ್ಣ ಮಾತು. ಅರ್ಥ ನೋಡುವಾಗ ವಯಸ್ಸನ್ನೂ ನೋಡಬೇಕು. ಕಿಶೋರ, ಬಾಲ, ತರುಣ, ನವೀನ ಎಲ್ಲವೂ ತೊಟ್ಟಿಲಿಗೆ ಸರಿ. ಎಪ್ಪತ್ತರ ತರುಣ, ಎಂಬತ್ತರ ನವೀನ ಆದಾಗ ಸುತ್ತಲಿನವರು ನಗುತ್ತಾರೆ. ಅವರೂ ನಕ್ಕರೆ ಚೆಂದವೇ. ಅನುಜ ಎಂದು ಚೊಚ್ಚಲ ಮಗನಿಗೆ ಇಡುವವರಿದ್ದಾರೆ. ಅನುಜ ಅಂದರೆ ಆ ಮೇಲೆ ಹುಟ್ಟಿದವನು, ತಮ್ಮ. ಯಾರ ತಮ್ಮ ಅಂತ ಯಾರೂ ಕೇಳದಿದ್ದರೆ ಸಾಕು.

ಇಷ್ಟೆಲ್ಲ ಆದ ಮೇಲೆ ಪತಂಜಲಿಯ ನಿಯಮವನ್ನು ಹಿಡಿದು ತಂಗಿಯ ಪಟ್ಟಿಯನ್ನು ಸುಮ್ನೆ ಸೋಸಿ ನೋಡಿದೆ. ಪೂರ್ತಿ ಪಾಸಾದ ಹೆಸರು ಒಂದೇ, ಧ್ರುವ. ಧಕಾರ ಘೋಷಾಕ್ಷರ. ಒಳಗೆ ರ ಇದೆ, ವ ಇದೆ. ಎರಡೇ ಅಕ್ಷರ. ಮೊದಲ ಸ್ವರ ಉ. ಬುಡದಲ್ಲಿ ಧ್ರು ಎಂಬ ಧಾತು. ಪಟ್ಟಿಯಲ್ಲಿ ಅದರ ಎದುರಿಗೆ ನಕ್ಷತ್ರ ಅಂತ ಬರೆದಿತ್ತು. ಸ್ಥಿರವಾದದ್ದು ಎಂಬುದು ಮೂಲ ಅರ್ಥ, ಆಮೇಲೆ ನಕ್ಷತ್ರ. ಇನ್ನೂ ಸ್ವಲ್ಪ ಕೆದಕಿದರೆ ಧಾತುಪಾಠದಲ್ಲಿ 'ಧ್ರು ಗತಿಸ್ಥೈರ್ಯಯೋಃ' ಅಂತ ಸಿಗುತ್ತದೆ. ಗತಿ ಮತ್ತು ಸ್ಥೈರ್ಯ. ನಡೆಯುವುದು, ನಿಲ್ಲುವುದು, ಎರಡೂ ಒಂದೇ ಧಾತುವಿನಲ್ಲಿ. ಇದು ನನಗೆ ತುಂಬಾ ಹಿಡಿಸಿತು. ಗೆಲ್ಲು ಅನ್ನುವುದಿಲ್ಲ, ಆಳು ಅನ್ನುವುದಿಲ್ಲ. ನಡೆಯಬೇಕಾದಾಗ ನಡೆ, ನಿಲ್ಲಬೇಕಾದಾಗ ನಿಲ್ಲು. ಒಬ್ಬ ಹುಡುಗನಿಗೆ ಹೊರಲು ಆಗುವಂಥ ಅರ್ಥ.

ತಂಗಿಯ ಗಂಡನಿಗೆ ಆಕಾಶದ ಹುಚ್ಚು. "ಅಕ್ಕ, ಧ್ರುವ ನಕ್ಷತ್ರ ಸ್ಥಿರ ಅಲ್ಲವೇ ಅಲ್ಲ" ಅಂತ ಶುರು ಮಾಡಿದ. ಭೂಮಿಯ ಅಕ್ಷ ನಿಧಾನವಾಗಿ ಸುತ್ತು ಹಾಕುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಹಾಗಾಗಿ ಉತ್ತರ ಧ್ರುವದ ಮೇಲಿರುವ ನಕ್ಷತ್ರ ಬದಲಾಗುತ್ತಾ ಹೋಗುತ್ತದೆ. ಈಜಿಪ್ಟಿನಲ್ಲಿ ಪಿರಮಿಡ್ಡು ಕಟ್ಟುತ್ತಿದ್ದ ಕಾಲಕ್ಕೆ ಆ ಜಾಗದ ಹತ್ತಿರ ಇದ್ದದ್ದು ಥೂಬಾನ್ ಎಂಬ ಮಂಕು ನಕ್ಷತ್ರ. ಇನ್ನು ಸುಮಾರು 12,000 ವರ್ಷ ಕಳೆದರೆ ಅಲ್ಲಿಗೆ ವೇಗಾ ಬರುತ್ತದೆ. ವೇಗಾಗೆ ನಮ್ಮ ಹೆಸರು ಅಭಿಜಿತ್.

"ಹಾಗಾದ್ರೆ ಆಗ ಅಭಿಜಿತ್ ಅಂತ ಬದಲಾಯಿಸಿದ್ರಾಯ್ತು" ಅಂದಳು ತಂಗಿ. "ಈಗ ಧ್ರುವನೇ ಇರಲಿ."

ಹೆಸರು ಗಟ್ಟಿಯಾಯಿತು. ಅಮ್ಮನಿಗೆ ಮಾತ್ರ ಆ ಒತ್ತಕ್ಷರ ಬಾಯಿಗೆ ಸಲೀಸಾಗಿ ಬರುವುದಿಲ್ಲ, ದುರುವ ಅಂತ ಕರೆಯುತ್ತಾಳೆ. ಈಗ ಗಂಡ ಹೆಂಡತಿ ಇಬ್ಬರೂ ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ 'ಎ' ಬೇಕಾ ಬೇಡವಾ ಅಂತ ವಾದ ಮಾಡುತ್ತಿದ್ದಾರೆ. ಅದಕ್ಕೆ ನನ್ನನ್ನು ಕರೆದಿಲ್ಲ.